ಪೇಂಟಿಂಗ್ ಶೆಡ್‌ಗಳಿಗೂ ಮಾಸ್ಕ್ ಪರೀಕ್ಷೆ ಬರಲಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದಲ್ಲಿ 23 ವರ್ಷಗಳಿಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ. ಮೊದಲ ಎಂಟು ವರ್ಷ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಸ್ಪ್ರೇ ಗನ್ ಹಿಡಿದವನು ನಾನು. ಸಂಜೆ ಮೂಗು ಸೀಟಿದರೆ ಆ ದಿನ ಹೊಡೆದ ಬಣ್ಣವೇ ಬರುತ್ತಿತ್ತು. ನನ್ನ ಜೊತೆಗೇ ಕೆಲಸ ಕಲಿತ ಗೆಳೆಯ ಈಗ ಇನ್‌ಹೇಲರ್ ಇಲ್ಲದೆ ಮನೆಯ ಮೆಟ್ಟಿಲು ಹತ್ತಲಾರ. ಪಕ್ಕದಲ್ಲಿ ಯಾರಾದರೂ ಬಣ್ಣ ಗಟ್ಟಿಯಾಗಲೆಂದು ಹಾರ್ಡನರ್ ದ್ರವ ಬೆರೆಸಿದರೆ ಸಾಕು, ಅವನ ಎದೆ ಬಿಗಿಯುತ್ತದೆ. ಬಣ್ಣದ ಕೆಲಸ ಬಿಟ್ಟು ತರಕಾರಿ ಗಾಡಿ ಇಟ್ಟಿದ್ದಾನೆ. ಕೆಲಸದಿಂದ ಬರುವ ಅಸ್ತಮಾ ಕೂಡ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ ಎಂಬುದು ಅವನಿಗೆ ಗೊತ್ತಾಗಿದ್ದೇ ತಡವಾಗಿ. ಹಾಜರಿ ಪುಸ್ತಕವೇ ಇಲ್ಲದ ಕಡೆ ದುಡಿದವನು ಯಾವ ದಾಖಲೆ ತೋರಿಸಿ ಕೇಳಬೇಕು?

ಮೊನ್ನೆ ನಮ್ಮ ಶೆಡ್‌ಗೆ 19 ವರ್ಷದ ಹುಡುಗನೊಬ್ಬ ಸೇರಿಕೊಂಡ. 'ಅಣ್ಣಾ, ನನ್ನ ಹತ್ತಿರ ಮಾಸ್ಕ್ ಇದೆ' ಎಂದು ಚೀಲದಿಂದ ಗಾಳಿ ಸೋಸುವ ಎರಡು ಕಾರ್ಟ್ರಿಜ್‌ಗಳ ಅರ್ಧ ಮುಖದ (ಮೂಗು, ಬಾಯಿ ಮುಚ್ಚುವ) ರೆಸ್ಪಿರೇಟರ್ ತೆಗೆದು ಹಾಕಿಕೊಂಡ. ಎರಡೂ ಕಾರ್ಟ್ರಿಜ್‌ಗಳನ್ನು ಅಂಗೈಯಿಂದ ಮುಚ್ಚಿ ಉಸಿರು ಎಳೆದುಕೊಳ್ಳಲು ಹೇಳಿದೆ. ಮಾಸ್ಕ್ ಮುಖಕ್ಕೆ ಒತ್ತಿಕೊಳ್ಳಬೇಕಿತ್ತು. ಒತ್ತಲಿಲ್ಲ, ಅವನು ಆರಾಮವಾಗಿ ಉಸಿರಾಡುತ್ತಲೇ ಇದ್ದ. ಬಿಚ್ಚಿ ಬೆಳಕಿಗೆ ಹಿಡಿದೆ. ಉಸಿರು ಹೊರಬಿಡುವ ಕವಾಟದಲ್ಲಿ ತೆಳ್ಳಗಿನ ರಬ್ಬರ್ ಬಿಲ್ಲೆ ಇರುತ್ತದೆ. ಅದರ ಅಂಚಿನಲ್ಲಿ ರಾಗಿಕಾಳಿನಷ್ಟು ಪ್ರೈಮರ್ ಒಣಗಿ ಕೂತಿತ್ತು. ಎಳೆದ ಒಂದೊಂದು ಉಸಿರಿಗೂ ಆ ಸಂದಿಯಿಂದ ಹೊರಗಿನ ಗಾಳಿ ಸೋಸದೆ ಒಳಗೆ ಹೋಗುತ್ತಿತ್ತು. ಕಾರ್ಟ್ರಿಜ್ ತೆಗೆದಿಟ್ಟು, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿದೆವು. ಬಣ್ಣ ತೆಳುಮಾಡುವ ಥಿನ್ನರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ರಬ್ಬರ್ ಹಾಳಾಗುತ್ತದೆ. ಆಮೇಲೂ ಸೋರಿತು. ಈ ಸಲ ಕಾರಣ ಅವನ ಗಡ್ಡ. ಆಸೆಪಟ್ಟು ಬೆಳೆಸಿದ್ದ ಗಡ್ಡ. ಆದರೂ ಮರುದಿನ ನುಣ್ಣಗೆ ಬೋಳಿಸಿಕೊಂಡು ಬಂದ. ಅಂಗೈ ಮುಚ್ಚಿ ಎಳೆದಾಗ ಮಾಸ್ಕ್ ಕೆನ್ನೆಗೆ ಕಚ್ಚಿಕೊಂಡಿತು. ಕವಾಟ ಮುಚ್ಚಿ ಮೆಲ್ಲಗೆ ಊದಿದಾಗ ಅಂಚಿನಿಂದ ಗಾಳಿ ಹೊರಡಲಿಲ್ಲ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾರ್ಟ್ರಿಜ್ ವಿಷಯದಲ್ಲಂತೂ ಅಜ್ಞಾನ ಇನ್ನೂ ಹೆಚ್ಚು. ಪುಟ್ಟಿ ಉಜ್ಜುವಾಗಿನ ದೂಳಿಗೆ ಹಾಕುವ ಫಿಲ್ಟರ್ ಥಿನ್ನರ್ ಆವಿಯನ್ನು ತಡೆಯದು. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಬೇಕು, ಅದರ ಮುಂದೆ ಬಣ್ಣದ ಸಣ್ಣ ಹನಿಗಳನ್ನು ಹಿಡಿಯುವ ಪ್ಯಾಡ್ ಬೇಕು. ತೆರೆದ ಕಾರ್ಟ್ರಿಜ್ ಮೊಳೆಯ ಮೇಲೆ ನೇತಾಡಿದರೆ ನಾವು ಊಟಕ್ಕೆ ಹೋದಾಗಲೂ ಆವಿ ಹೀರುತ್ತಲೇ ಇರುತ್ತದೆ. ಹಾಗಾಗಿ ನಾನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ, ತೆರೆದ ದಿನಾಂಕವನ್ನು ಮಾರ್ಕರ್‌ನಿಂದ ಅದರ ಮೇಲೆಯೇ ಬರೆಯುತ್ತೇನೆ.

'ವಾಸನೆ ಬಂದಾಗ ಬದಲಾಯಿಸಿದರಾಯಿತು' ಎನ್ನುವ ಮಾಲೀಕರಿದ್ದಾರೆ. ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ವಾಸನೆ ತೋರಿಸಿ ಎಚ್ಚರಿಸುವಂಥದ್ದಲ್ಲ; ಮೂಗಿಗೆ ತಿಳಿಯುವ ಹೊತ್ತಿಗೆ ಮಿತಿ ಮೀರಿರುತ್ತದೆ. ಸರಿಯಾಗಿ ಕೂತ ಅರ್ಧ ಮುಖದ ಮಾಸ್ಕ್ ಕೂಡ ವಿಷವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸುತ್ತದೆ ಎಂದಷ್ಟೇ ಲೆಕ್ಕ, ಕಣ್ಣಿಗಂತೂ ಅದರಿಂದ ರಕ್ಷಣೆಯೇ ಇಲ್ಲ. ಹಾರ್ಡನರ್ ಬೆರೆಸಿದ ಬಣ್ಣ ಹೊಡೆಯಲು ಕೊಳವೆಯಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಮತ್ತು ಗಾಳಿ ಹೊರದೂಡುವ ಬೂತ್ ಬೇಕು. ಇನ್ನು ಇದೇ ಮಾಸ್ಕ್ ಹಾಕಿಕೊಂಡು ಮ್ಯಾನ್‌ಹೋಲ್‌ಗೋ ಟ್ಯಾಂಕಿಗೋ ಇಳಿಯಬಹುದೆಂದು ದಯವಿಟ್ಟು ಯಾರೂ ತಿಳಿಯಬೇಡಿ. ಅದು ಇರುವ ಗಾಳಿಯನ್ನು ಸೋಸುತ್ತದೆ, ಇಲ್ಲದ ಆಮ್ಲಜನಕವನ್ನು ಎಲ್ಲಿಂದ ತರಬೇಕು?

ಮೂರು ನಾಲ್ಕು ಜನ ದುಡಿಯುವ ನಮ್ಮಂಥ ಶೆಡ್‌ಗಳಿಗೆ ತಪಾಸಣೆಗೆಂದು ಯಾರೂ ಬಂದದ್ದನ್ನು ನಾನು ಕಂಡಿಲ್ಲ. ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳುವ ಇಲಾಖೆಯವರು ದಂಡ ಹಾಕಲು ಬರುವುದು ಬೇಡ, ಕಲಿಸಲು ಬರಲಿ. ಮಾಸ್ಕ್ ಹಾಕಿದವನ ತಲೆಯ ಮೇಲೆ ಮುಸುಕು ಹಾಕಿ ಒಳಗೆ ಕಹಿ ದ್ರಾವಣ ಸಿಂಪಡಿಸಿ, ಬಾಯಿಗೆ ಕಹಿ ತಟ್ಟಿದರೆ ಮಾಸ್ಕ್ ಸೋರುತ್ತಿದೆ ಎಂದು ಕಂಡುಹಿಡಿಯುವ ಪರೀಕ್ಷೆಯಿದೆ. ಅದನ್ನು ಒಬ್ಬೊಬ್ಬರಿಗೂ ಮಾಡಿಸಲಿ. ಥಿನ್ನರ್, ಮಾಸ್ಕಿಂಗ್ ಟೇಪ್ ಮಾರುವ ಬಣ್ಣದ ಅಂಗಡಿಗಳು ಭಾರತೀಯ ಮಾನಕ ಐಎಸ್ 14746ರ ಮಾಸ್ಕನ್ನೂ ಬಿಡಿ ಕಾರ್ಟ್ರಿಜ್‌ಗಳನ್ನೂ ಇಡಲಿ. ಮಾಲೀಕರು ಆಳಿಗೊಂದು ಮಾಸ್ಕ್ ಕೊಡಲಿ. ಮೂವರ ಬೆವರು ಕುಡಿದ ಒಂದೇ ಮಾಸ್ಕ್ ಬೇಡ.

ಭಾನುವಾರ ನಮ್ಮ ಶೆಡ್ ಖಾಲಿಯಿರುತ್ತದೆ. ಅಧಿಕಾರಿಗಳು ಬರುವುದಾದರೆ ಸುತ್ತಲಿನ ಗ್ಯಾರೇಜುಗಳ ಹುಡುಗರನ್ನು ಕರೆತರುವ ಹೊಣೆ ನನ್ನದು.

— ಒಬ್ಬ ಕಾರ್ ಪೇಂಟರ್, ಶಿವಮೊಗ್ಗ