ಅಂಗನವಾಡಿಗೆ ಇನ್ನೊಬ್ಬ ಕಾರ್ಯಕರ್ತೆ ಬೇಕು

ಮಾನ್ಯ ಸಂಪಾದಕರೇ,

ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನೂ ಹೇಳಿಕೆಗಳನ್ನೂ ಗಮನವಿಟ್ಟು ಓದಿದ್ದೇನೆ. ಯೋಜನೆ ಎಷ್ಟು ಮಕ್ಕಳಿಗೆ ತಲುಪಿದೆ, ಎಷ್ಟು ಕೇಂದ್ರಗಳಿಗೆ ಸ್ವಂತ ಕಟ್ಟಡವಾಗಿದೆ, ಎಷ್ಟು ಕಡೆ ಸ್ಮಾರ್ಟ್‌ಫೋನ್ ವಿತರಣೆಯಾಗಿದೆ ಎಂಬ ವಿವರಗಳು ಅವುಗಳಲ್ಲಿದ್ದವು. ಇಷ್ಟೆಲ್ಲ ಕೆಲಸವನ್ನು ಒಂದು ಕೇಂದ್ರದಲ್ಲಿ ಎಷ್ಟು ಜನ ಮಾಡುತ್ತಾರೆ, ಯಾವ ಹುದ್ದೆಯಲ್ಲಿದ್ದುಕೊಂಡು ಮಾಡುತ್ತಾರೆ, ಅದಕ್ಕೆ ಕೊಡುವ ಹಣವೆಷ್ಟು ಎಂಬ ಪ್ರಶ್ನೆಗೆ ಮಾತ್ರ ಹೆಚ್ಚು ಜಾಗ ಸಿಗಲಿಲ್ಲ. ಇದೇ ಯೋಜನೆಯಲ್ಲಿ ಮೇಲ್ವಿಚಾರಕಿಯಾಗಿ ಬಹುಕಾಲ ದುಡಿದು ನಿವೃತ್ತಳಾದವಳಾಗಿ, ಯೋಜನೆಯ ಸಿಬ್ಬಂದಿ ವ್ಯವಸ್ಥೆಯನ್ನೇ ಬುಡದಿಂದ ಪರಿಶೀಲಿಸುವ ಕಾಲ ಬಂದಿದೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಈ ಯೋಜನೆ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಊರಿನವಳೇ ಆದ ಒಬ್ಬ ಮಹಿಳೆ ದಿನಕ್ಕೆ ಕೆಲವು ಗಂಟೆ ಬಿಡುವು ಮಾಡಿಕೊಂಡು ಊರಿನ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಆಕೆಯ ಸೇವೆಗೆ ಸರ್ಕಾರ ಒಂದಿಷ್ಟು ಗೌರವಧನ ಕೊಡುತ್ತದೆ, ಅಡುಗೆಗೆ ಮತ್ತು ಮಕ್ಕಳನ್ನು ಕರೆತರಲು ಒಬ್ಬ ಸಹಾಯಕಿ ಇರುತ್ತಾಳೆ ಎಂಬುದು ಅಂದಿನ ಕಲ್ಪನೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸುವುದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ ಎಂಬ ಆರು ಸೇವೆಗಳನ್ನು ಅಂದೇ ಗೊತ್ತುಪಡಿಸಲಾಗಿತ್ತು. ಇಂದು ರಾಜ್ಯದಲ್ಲಿ 204 ಶಿಶು ಅಭಿವೃದ್ಧಿ ಯೋಜನಾ ಘಟಕಗಳೂ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳೂ ಇವೆ. ಕೆಲಸದ ಅವಧಿ ಸಂಜೆ ನಾಲ್ಕರವರೆಗೆ ಬಂದು ನಿಂತಿದೆ. ಆರು ಸೇವೆಗಳ ಜೊತೆಗೆ ಸ್ತ್ರೀಶಕ್ತಿ ಗುಂಪು, ಹೆಣ್ಣುಮಕ್ಕಳ ಭಾಗ್ಯಲಕ್ಷ್ಮಿ ಯೋಜನೆಯ ಕಾಗದಪತ್ರ, ತಾಯಂದಿರಿಗೆ ಹಣದ ನೆರವು ಕೊಡುವ ಮಾತೃವಂದನಾ ಯೋಜನೆಯ ಅರ್ಜಿ, 2017ರಿಂದ ಗರ್ಭಿಣಿ ಮತ್ತು ಬಾಣಂತಿಯರಿಗೆ ಮಧ್ಯಾಹ್ನದ ಮಾತೃಪೂರ್ಣ ಊಟ, ಬಗೆಬಗೆಯ ಸಮೀಕ್ಷೆ, ಮತದಾರರ ಪಟ್ಟಿಯ ಕೆಲಸ, ಎಲ್ಲವೂ ಒಂದರ ಮೇಲೊಂದು ಬಂದು ಕೂತಿವೆ. ಕೇಂದ್ರದಲ್ಲಿರುವವರು ಮಾತ್ರ ಅಂದಿನಂತೆಯೇ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ.

ನಾನು ಕಣ್ಣಾರೆ ಕಂಡ ಒಂದು ದಿನವನ್ನು ಇಲ್ಲಿ ಹೇಳಬೇಕು. ಒಂದು ಹಳ್ಳಿಯ ಕೇಂದ್ರಕ್ಕೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿದ್ದೆ. ಕಾರ್ಯಕರ್ತೆ ಮತದಾರರ ಪಟ್ಟಿ ಪರಿಷ್ಕರಣೆಗೆಂದು ಮನೆ ಮನೆ ತಿರುಗಲು ಹೋಗಿದ್ದರು. ಒಂದೇ ಕೋಣೆಯ ಕಟ್ಟಡ, ಮೂಲೆಯಲ್ಲಿ ಗ್ಯಾಸ್ ಒಲೆ, ಒಲೆಯ ಮೇಲೆ ಸಾಂಬಾರಿನ ಪಾತ್ರೆ. ಅದರ ಹತ್ತಿರ ಮಕ್ಕಳು ಬಾರದಂತೆ ಅಡ್ಡಕ್ಕೆ ಒಂದು ಬೆಂಚು ಇಟ್ಟು, ಇಪ್ಪತ್ತಮೂರು ಮಕ್ಕಳನ್ನು ಗೋಡೆಯ ಬದಿಗೆ ಕೂರಿಸಿಕೊಂಡು ಸಹಾಯಕಿ ಒಬ್ಬರೇ ಇದ್ದರು. ಅಷ್ಟರಲ್ಲಿ ಒಬ್ಬ ತಾಯಿ ವರ್ಷ ದಾಟಿದ ಮಗುವನ್ನು ತೂಕಕ್ಕೆಂದು ಎತ್ತಿಕೊಂಡು ಬಂದರು. ಸಹಾಯಕಿ ನನ್ನ ಮುಖ ನೋಡಿ, ‘ಮೇಡಂ, ಒಲೆ ನೋಡ್ಕೊಳ್ಲಾ, ಈ ಮಕ್ಕಳನ್ನ ನೋಡ್ಕೊಳ್ಲಾ, ತೂಕ ಹಾಕ್ಲಾ?’ ಎಂದರು. ಆ ದಿನ ತೂಕವನ್ನು ನಾನೇ ಹಾಕಿದೆ. ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆ ತೀವ್ರ ಅಪೌಷ್ಟಿಕತೆಯ ಕೆಂಪು ಪಟ್ಟಿಯೊಳಗೆ ಬಿತ್ತು. ಪುಟ ತಿರುವಿ ನೋಡಿದರೆ ಹಿಂದಿನ ಎರಡು ತಿಂಗಳ ಜಾಗ ಖಾಲಿ ಇತ್ತು. ಆ ಎರಡು ತಿಂಗಳೂ ತಾಯಿ ಬಂದಿದ್ದರಂತೆ. ಒಮ್ಮೆ ಕಾರ್ಯಕರ್ತೆ ತಾಲ್ಲೂಕು ಕಚೇರಿಯ ಸಭೆಯಲ್ಲಿದ್ದರು, ಇನ್ನೊಮ್ಮೆ ಸಮೀಕ್ಷೆಯಲ್ಲಿ. ತಾಲ್ಲೂಕು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಮಗುವನ್ನು ಸೇರಿಸಲು ಹೇಳಿದರೆ, ಮನೆಯಲ್ಲಿ ಇನ್ನಿಬ್ಬರು ಸಣ್ಣವರಿದ್ದಾರೆ, ಅಷ್ಟು ದಿನ ಅಲ್ಲಿ ಹೇಗೆ ಉಳಿಯಲಿ ಎಂದು ಆ ತಾಯಿ ಅತ್ತರು. ಎರಡು ತಿಂಗಳ ಮೊದಲೇ ಗೊತ್ತಾಗಿದ್ದರೆ ಆಸ್ಪತ್ರೆಯ ಮಾತೇ ಬರದೆ, ಮನೆಯಲ್ಲಿಯೇ ಊಟ ಸರಿಪಡಿಸಿ ಮಗುವನ್ನು ಮೇಲೆತ್ತಲು ಆಗುತ್ತಿತ್ತು. ಆ ಕಾರ್ಯಕರ್ತೆ ಕೆಲಸಗಳ್ಳರಲ್ಲ. ನನ್ನ ವಲಯದಲ್ಲಿ ಅತ್ಯಂತ ಶ್ರದ್ಧೆಯಿಂದ ದುಡಿಯುತ್ತಿದ್ದವರಲ್ಲಿ ಅವರೂ ಒಬ್ಬರು.

ವ್ಯವಸ್ಥೆಯ ಮುಖ್ಯ ದೋಷ ಇಲ್ಲಿಯೇ ಇದೆ. ಮೂರರಿಂದ ಆರು ವರ್ಷದ ಮಕ್ಕಳು ಕೇಂದ್ರಕ್ಕೆ ಬರುತ್ತಾರೆ, ಅವರ ಜೊತೆ ಕಾರ್ಯಕರ್ತೆ ಕೇಂದ್ರದಲ್ಲಿಯೇ ಇರಬೇಕು. ಮೂರು ವರ್ಷದೊಳಗಿನ ಮಕ್ಕಳು ಮನೆಯಲ್ಲಿರುತ್ತಾರೆ, ಅವರನ್ನು ನೋಡಲು ಕಾರ್ಯಕರ್ತೆ ಮನೆಗೆ ಹೋಗಬೇಕು. ಅಪೌಷ್ಟಿಕತೆ ಮಗುವನ್ನು ಹಿಡಿಯುವುದು ಬಹುಮಟ್ಟಿಗೆ ಈ ಎರಡನೆಯ ಗುಂಪಿನ ವಯಸ್ಸಿನಲ್ಲಿ, ಆರು ತಿಂಗಳಿಗೆ ಮೇಲಾಹಾರ ಶುರುವಾದಾಗಿನಿಂದ ಎರಡು ವರ್ಷ ತುಂಬುವವರೆಗಿನ ಅವಧಿಯಲ್ಲಿ. ಕೇಂದ್ರದಲ್ಲಿ ಇಪ್ಪತ್ತು ಮಕ್ಕಳನ್ನು ಬಿಟ್ಟು ಹೋಗಲಾಗದ ಕಾರ್ಯಕರ್ತೆ ಮನೆ ಭೇಟಿಯನ್ನು ಸಂಜೆಗೆ ಇಟ್ಟುಕೊಳ್ಳುತ್ತಾರೆ. ಸಂಜೆ ರಿಜಿಸ್ಟರ್ ಬರೆಯುವುದೂ ಮೊಬೈಲ್‌ನಲ್ಲಿ ಮಾಹಿತಿ ತುಂಬುವುದೂ ಇರುತ್ತದೆ. ಹೀಗಾಗಿ ಮೊದಲು ತಪ್ಪಿಹೋಗುವುದು ಮನೆ ಭೇಟಿ. ಅದಕ್ಕಾಗಿಯೇ ಪ್ರತಿ ಕೇಂದ್ರಕ್ಕೂ ಮೂರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮತ್ತು ಬಾಣಂತಿಯರ ಜವಾಬ್ದಾರಿಯನ್ನಷ್ಟೇ ಹೊತ್ತ ಎರಡನೆಯ ಕಾರ್ಯಕರ್ತೆ ಬೇಕು. ನನ್ನ ಪತ್ರದಲ್ಲಿ ಒಂದೇ ಒಂದು ಮಾತನ್ನು ಉಳಿಸಿಕೊಳ್ಳಲು ತಮಗೆ ಜಾಗವಿರುವುದಾದರೆ ಈ ಮಾತನ್ನು ಉಳಿಸಿಕೊಳ್ಳಿ ಎಂದು ವಿನಂತಿಸುತ್ತೇನೆ.

ಆಶಾ ಕಾರ್ಯಕರ್ತೆ ಇದ್ದಾರಲ್ಲ, ಅವರು ಮನೆಗೆ ಹೋಗುತ್ತಾರಲ್ಲ ಎಂದು ಕೆಲವರು ಕೇಳುವುದುಂಟು. ಆಶಾ ಬೇರೆ ಇಲಾಖೆಯವರು, ಅವರ ಪ್ರೋತ್ಸಾಹಧನ ಬೇರೆ ಬೇರೆ ಕೆಲಸಗಳಿಗೆ ಹಂಚಿಹೋಗಿದೆ, ಅವರ ಮೇಲಿನ ಹೊರೆಯೂ ಕಡಿಮೆಯದ್ದಲ್ಲ. ಒಂದು ಇಲಾಖೆಯ ಕೊರತೆಯನ್ನು ಇನ್ನೊಂದು ಇಲಾಖೆಯ ಬಡ ಹೆಣ್ಣುಮಗಳ ಹೆಗಲಿಗೆ ದಾಟಿಸುವುದು ಪರಿಹಾರವಾಗಲಾರದು.

ಇನ್ನು ಮೇಲ್ವಿಚಾರಣೆಯ ಮಾತು. ನಿಯಮದ ಪ್ರಕಾರ 25 ಕೇಂದ್ರಗಳಿಗೆ ಒಬ್ಬ ಮೇಲ್ವಿಚಾರಕಿ. ತಿಂಗಳಲ್ಲಿ ಸಭೆ, ವರದಿ, ತರಬೇತಿಗಳ ದಿನಗಳನ್ನು ಕಳೆದರೆ ಕ್ಷೇತ್ರಕ್ಕೆ ಹೋಗಲು ಉಳಿಯುವುದು ಹದಿನಾರು ಹದಿನೇಳು ದಿನ. ಒಂದು ಕೇಂದ್ರದಲ್ಲಿ ಕುಳಿತು ಮಕ್ಕಳ ತೂಕ ಸರಿಯಾಗಿ ಹಾಕುತ್ತಿದ್ದಾರೆಯೇ, ಪಾಠ ಹೇಗೆ ನಡೆಯುತ್ತಿದೆ, ದಿನಸಿ ಎಷ್ಟು ಉಳಿದಿದೆ ಎಂದು ನೋಡಿ, ಕಾರ್ಯಕರ್ತೆಗೆ ಏನಾದರೂ ಕಲಿಸಿ ಬರಬೇಕಾದರೆ ಅರ್ಧ ದಿನವಾದರೂ ಬೇಕು. ಪಕ್ಕದ ವಲಯದ ಹುದ್ದೆ ಖಾಲಿಯಾದರೆ ಅದರ ಪ್ರಭಾರವೂ ನಮ್ಮ ಮೇಲೆಯೇ ಬೀಳುತ್ತಿತ್ತು. ಆಗ ನನ್ನ ಕೈಯಲ್ಲಿ ಐವತ್ತಕ್ಕೂ ಹೆಚ್ಚು ಕೇಂದ್ರಗಳು. ಆ ಅವಧಿಯ ನನ್ನ ಭೇಟಿಗಳನ್ನು ಇಂದು ನೆನೆದರೆ ಬೇಸರವಾಗುತ್ತದೆ. ಹಾಜರಾತಿ ಪುಸ್ತಕಕ್ಕೆ ಸಹಿ ಹಾಕಿ, ಮೊಟ್ಟೆ ಎಣಿಸಿ, ಮುಂದಿನ ಊರಿಗೆ ಹೊರಟುಬಿಡುತ್ತಿದ್ದೆ. ಪ್ರಭಾರ ಎನ್ನುವುದು ಕಾಗದದ ಮೇಲೆ ಹುದ್ದೆಯನ್ನು ತುಂಬುತ್ತದೆ, ಕೇಂದ್ರಕ್ಕೆ ಮೇಲ್ವಿಚಾರಕಿಯನ್ನು ಕೊಡುವುದಿಲ್ಲ. ಮೇಲ್ವಿಚಾರಕಿಯರ ಖಾಲಿ ಹುದ್ದೆಗಳಲ್ಲಿ ಅರ್ಧದಷ್ಟನ್ನು ಅನುಭವಿ ಕಾರ್ಯಕರ್ತೆಯರಿಗೆ ಬಡ್ತಿ ನೀಡಿ ತುಂಬಬೇಕೆಂದು, ಹಾಗೆಯೇ ಸಹಾಯಕಿಯರಿಗೂ ಕಾರ್ಯಕರ್ತೆಯಾಗುವ ಅವಕಾಶ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಅದನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡಿದರೂ ಎಷ್ಟೋ ವಲಯಗಳು ಪ್ರಭಾರದಿಂದ ಪಾರಾಗುತ್ತವೆ.

ಹಣದ ವಿಚಾರಕ್ಕೆ ಬಂದರೆ, ಒಂದು ಮಗುವಿನ ಒಂದು ದಿನದ ಪೂರಕ ಆಹಾರಕ್ಕೆ 8 ರೂಪಾಯಿ, ಗರ್ಭಿಣಿ ಮತ್ತು ಬಾಣಂತಿಗೆ 9 ರೂಪಾಯಿ 50 ಪೈಸೆ, ತೀವ್ರ ಅಪೌಷ್ಟಿಕತೆಯ ಮಗುವಿಗೆ 12 ರೂಪಾಯಿ ಎಂದು ಕೇಂದ್ರ ಸರ್ಕಾರ 2017ರಲ್ಲಿ ದರ ನಿಗದಿ ಮಾಡಿತು. ಇದನ್ನು ಕೇಂದ್ರವೂ ರಾಜ್ಯವೂ ಅರ್ಧರ್ಧ ಭರಿಸಬೇಕು. ಈ 8 ರೂಪಾಯಿಯಲ್ಲಿ ಮಗುವಿಗೆ 500 ಕ್ಯಾಲರಿ ಶಕ್ತಿಯೂ 12ರಿಂದ 15 ಗ್ರಾಂ ಪ್ರೋಟೀನೂ ಸಿಗಬೇಕು. ಎಂಟು ವರ್ಷ ಕಳೆದರೂ ದರ ಏರಲಿಲ್ಲ, ತೊಗರಿಬೇಳೆಯೂ ಎಣ್ಣೆಯೂ ಏರದೆ ನಿಲ್ಲಲಿಲ್ಲ. ನಮ್ಮ ರಾಜ್ಯ 2013ರಿಂದ ಕ್ಷೀರಭಾಗ್ಯದ ಹಾಲನ್ನೂ, ಅದಲ್ಲದೆ ಮೊಟ್ಟೆಯನ್ನೂ ತನ್ನ ಹಣದಿಂದ ಕೊಡುತ್ತಿರುವುದನ್ನು ಮೆಚ್ಚಲೇಬೇಕು. ಆದರೆ ಅಂಗನವಾಡಿಯ ಖರ್ಚಿನ ಹಣ ಬರುವ ಊರಿನ ಬಾಲವಿಕಾಸ ಸಮಿತಿಯ ಖಾತೆಗೆ ಮೊಟ್ಟೆ ಹಣ ತಡವಾಗಿ ಬಂದಾಗ ಆಗುವುದೇನು ಎಂಬುದನ್ನು ಊರಿನ ಅಂಗಡಿಯವರನ್ನು ಕೇಳಬೇಕು. ನನ್ನ ವಲಯದ ಒಬ್ಬ ಕಾರ್ಯಕರ್ತೆಯ ಹೆಸರಿನಲ್ಲಿ ಅಂಗಡಿಯ ಸಾಲದ ಪುಸ್ತಕದಲ್ಲಿ ಎರಡು ಪುಟ ಮೊಟ್ಟೆಯ ಲೆಕ್ಕವೇ ಇತ್ತು. ಅಂಗಡಿಯವರು ಇನ್ನು ಸಾಲ ಕೊಡಲು ಆಗುವುದಿಲ್ಲ ಎಂದಾಗ, ಮಗಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಆ ಕಾರ್ಯಕರ್ತೆ ಮಕ್ಕಳಿಗೆ ಮೊಟ್ಟೆ ತಂದರು. ಯೋಜನೆಗೆ ಬೇಕಾದಷ್ಟು ಹಣ ಬಾರದಿದ್ದಾಗ ಆ ಕೊರತೆ ಮಾಯವಾಗುವುದಿಲ್ಲ, ಒಬ್ಬ ಮಹಿಳೆಯ ಮನೆಯ ಖರ್ಚಿನೊಳಗೆ ಹೋಗಿ ಸೇರುತ್ತದೆ.

ಆ ಮಹಿಳೆಗೆ ಸಿಗುವುದಾದರೂ ಎಷ್ಟು? ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಕಾರ್ಯಕರ್ತೆಯ ಗೌರವಧನ ತಿಂಗಳಿಗೆ 4,500 ರೂಪಾಯಿ, ಸಹಾಯಕಿಯದು 2,250 ರೂಪಾಯಿ. 2018ರಲ್ಲಿ ಗೊತ್ತಾದ ಮೊತ್ತ, ಏಳು ವರ್ಷ ಕಳೆದರೂ ಹಾಗೆಯೇ ಉಳಿಯಿತು. ಅದರಲ್ಲಿಯೂ ಕೇಂದ್ರದ ಪಾಲು ಶೇ 60 ಮಾತ್ರ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತ ಬಂದಿದೆ, 2025ರ ಮಾರ್ಚ್‌ನ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000 ರೂಪಾಯಿ, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸುವುದಾಗಿ ಪ್ರಕಟಿಸಿತು. ಇತ್ತ ಕೇಂದ್ರ ಸರ್ಕಾರದ ಬಜೆಟ್‌ನಲ್ಲಿ, ಇದೇ ಯೋಜನೆಯ ಈಗಿನ ರೂಪವಾದ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0ಕ್ಕೆ ಇಟ್ಟ ಮೊತ್ತ 2021–22ರಲ್ಲಿ 20,105 ಕೋಟಿ ರೂಪಾಯಿ ಇದ್ದದ್ದು 2025–26ರಲ್ಲಿ 21,960 ಕೋಟಿಯಾಯಿತು. ನಾಲ್ಕು ವರ್ಷಕ್ಕೆ ಶೇ 9ರಷ್ಟು ಏರಿಕೆಯೆಂದರೆ, ಬೆಲೆಯೇರಿಕೆಯನ್ನು ಕಳೆದು ನೋಡಿದಾಗ ಅದು ಇಳಿಕೆಯೇ. ಇದೇ ಹೊತ್ತಿನಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದ ಬಗ್ಗೆ ಹೇಳಿದ್ದೇನು ಎಂಬುದನ್ನೂ ನೆನಪಿಸಿಕೊಳ್ಳಬೇಕು: ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 32.9ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ, ಮಕ್ಕಳ ರಕ್ತಹೀನತೆ ಹಿಂದಿನ ಸಮೀಕ್ಷೆಯ ಶೇ 60.9ರಿಂದ ಶೇ 65.5ಕ್ಕೆ ಏರಿದೆ.

ಗೌರವಧನ ಎಂಬ ಪದವೇ ಈ ವ್ಯವಸ್ಥೆಯನ್ನು ಕಟ್ಟಿಹಾಕಿದೆ. ನಮ್ಮ ರಾಜ್ಯ ಸರ್ಕಾರವೇ ಪಕ್ಷಕಾರವಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ನಾಗರಿಕ ಹುದ್ದೆಯಲ್ಲ ಎಂದಿತ್ತು. ಗುಜರಾತಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ, ಇವರ ಕೆಲಸವನ್ನು ಅರೆಕಾಲಿಕ ಎಂದು ಒಪ್ಪಲಾಗದು, ನಿವೃತ್ತಿಯಾದಾಗ ಇಡುಗಂಟು ಕೊಡಿಸುವ ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯಿಸುತ್ತದೆ ಎಂದು ತೀರ್ಪಿತ್ತಿತು. ಆ ಹಕ್ಕನ್ನು ಇಲ್ಲಿ ಕೇಳಲು 2023ರ ಜನವರಿಯ ಚಳಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಕಳೆಯಬೇಕಾಯಿತು. ಪಕ್ಕದ ತಮಿಳುನಾಡು ಇವರಿಗೆ ಗೌರವಧನದ ಬದಲು ವಿಶೇಷ ಕಾಲಮಾನ ವೇತನ ಶ್ರೇಣಿಯನ್ನೇ, ಅಂದರೆ ಸೇವೆಯ ವರ್ಷಗಳೊಂದಿಗೆ ಏರುವ ಸಂಬಳವನ್ನೇ ನೀಡಿದೆ. ಆದ್ದರಿಂದ ಇದು ಮಾಡಲಾಗದ ಕೆಲಸವೇನೂ ಅಲ್ಲ.

ಹೊಸ ಶಿಕ್ಷಣ ನೀತಿ ಮೂರು ವರ್ಷದಿಂದಲೇ ಮಗುವಿನ ಕಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅಂಗನವಾಡಿಯಿಂದ ಶಾಲೆಯ ಕೆಲಸವನ್ನೂ ನಿರೀಕ್ಷಿಸಲಾಗುತ್ತಿದೆ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ವಿಚಾರದಲ್ಲಿ 2024ರಲ್ಲಿ ವಿವಾದವೆದ್ದು, ಆ ತರಗತಿಗಳನ್ನು ಅಂಗನವಾಡಿಗಳಲ್ಲಿಯೇ ನಡೆಸುವ ಪ್ರಯತ್ನ ಶುರುವಾದದ್ದು ಓದುಗರಿಗೆ ನೆನಪಿರಬಹುದು. ಆ ನಿರ್ಧಾರ ಸರಿಯಾದದ್ದೇ. ಆದರೆ ಪಾಠ ಹೇಳುವವರೂ, ತೂಕ ಹಾಕುವವರೂ, ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಮಾಹಿತಿ ತುಂಬುವವರೂ, ಆಹಾರದ ಪೊಟ್ಟಣ ಕೊಡುವ ಮುನ್ನ ತಾಯಿಯ ಮುಖವನ್ನು ಮೊಬೈಲ್‌ಗೆ ತೋರಿಸಿ, ನೆಟ್‌ವರ್ಕ್ ಸಿಗುವ ಜಾಗ ಹುಡುಕಿಕೊಂಡು ಓಡಾಡುವವರೂ ಒಬ್ಬರೇ ಆದರೆ ಮಕ್ಕಳ ಪಾಲಿಗೆ ಉಳಿಯುವ ಹೊತ್ತೆಷ್ಟು?

ಇಷ್ಟಕ್ಕೆಲ್ಲ ಹಣ ಎಲ್ಲಿದೆ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾಜ್ಯದ ಎಲ್ಲ ಕೇಂದ್ರಗಳಿಗೂ ಒಂದೇ ವರ್ಷದಲ್ಲಿ ಎರಡನೆಯ ಕಾರ್ಯಕರ್ತೆಯನ್ನು ನೇಮಿಸಿ ಎಂದು ಕೇಳುತ್ತಲೂ ಇಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ, ಅದರಲ್ಲಿಯೂ ಮೂರು ವರ್ಷದೊಳಗಿನ ಮಕ್ಕಳು ಹೆಚ್ಚಿರುವ ಕೇಂದ್ರಗಳಿಂದ ಆರಂಭಿಸಬಹುದು. ಒಂದು ವಲಯದ ಹುದ್ದೆ ಆರು ತಿಂಗಳಿಗಿಂತ ಹೆಚ್ಚು ಕಾಲ ಪ್ರಭಾರದಲ್ಲಿ ಇರಕೂಡದು ಎಂದು ನಿಯಮ ಮಾಡಬಹುದು. ಆಹಾರದ ದರವನ್ನು ಪ್ರತಿ ವರ್ಷ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ತಾನಾಗಿಯೇ ಏರುವಂತೆ ಮಾಡಲು ರಾಜ್ಯ ಕೇಂದ್ರವನ್ನು ಒತ್ತಾಯಿಸಬೇಕು. ಮೊಟ್ಟೆ ಹಣ ತಿಂಗಳು ಶುರುವಾಗುವ ಮೊದಲೇ ಸಮಿತಿಯ ಖಾತೆಯಲ್ಲಿರಬೇಕು. ಚುನಾವಣೆ ಮತ್ತು ಸಮೀಕ್ಷೆಯ ಕೆಲಸಕ್ಕೆ ಕಾರ್ಯಕರ್ತೆಯನ್ನು ಕರೆದ ದಿನ ಆ ಕೇಂದ್ರಕ್ಕೆ ಬದಲಿ ವ್ಯವಸ್ಥೆಯನ್ನು ಕರೆದ ಇಲಾಖೆಯೇ ಮಾಡಬೇಕು.

ಇದಕ್ಕೆಲ್ಲ ಮೊದಲು ಆಗಬೇಕಾದ ಇನ್ನೊಂದು ಕೆಲಸವಿದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಮುಂದಿನ ರಾಜ್ಯ ಬಜೆಟ್‌ಗೆ ಮುನ್ನ, 204 ಯೋಜನಾ ಘಟಕಗಳಲ್ಲಿ ಪ್ರತಿಯೊಂದರಲ್ಲಿಯೂ ಎಷ್ಟು ಕಾರ್ಯಕರ್ತೆ, ಸಹಾಯಕಿ, ಮೇಲ್ವಿಚಾರಕಿ ಮತ್ತು ಯೋಜನಾಧಿಕಾರಿ ಹುದ್ದೆಗಳು ಖಾಲಿ ಇವೆ, ಎಷ್ಟು ಪ್ರಭಾರದಲ್ಲಿವೆ, ಒಂದು ವರ್ಷದಲ್ಲಿ ಕಾರ್ಯಕರ್ತೆಯರು ಎಷ್ಟು ದಿನ ಬೇರೆ ಇಲಾಖೆಯ ಕೆಲಸಕ್ಕೆ ಹೋದರು ಎಂಬ ಪಟ್ಟಿಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಸಾರ್ವಜನಿಕವಾಗಿ ಪ್ರಕಟಿಸಲಿ. ಆ ಪಟ್ಟಿಯನ್ನು ತಮ್ಮ ಜಿಲ್ಲಾ ಆವೃತ್ತಿಗಳಲ್ಲಿ ತಾಲ್ಲೂಕುವಾರು ಮುದ್ರಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ