ಟಿವಿ ಚರ್ಚೆಯ ತುಣುಕುಗಳು ಇಲ್ಲಿ ಬೇಡ

ಎಲ್ಲರಿಗೂ ನಮಸ್ಕಾರ. ನಿನ್ನೆ ಒಂದು ಟಿವಿ ಚರ್ಚೆಯ ತುಣುಕಿನಿಂದ ಶುರುವಾದ ಜಗಳದಲ್ಲಿ ಇಬ್ಬರು ಹಿರಿಯರು ಗುಂಪು ಬಿಟ್ಟೇ ಹೋದರು. ತುಂಬಾ ಬೇಸರ ಆಗಿದೆ. ಚಾನೆಲ್‌ಗಳಿಗೆ ಕಿರುಚಾಟ ಬೇಕು, ಜನ ನೋಡಿದಷ್ಟು ಜಾಹೀರಾತು. ನೆರೆಮನೆಯವರ ಹತ್ತಿರ ಮಾತು ಬಿಡುವುದು ಮಾತ್ರ ನಾವು. ಆ ಗದ್ದಲದ ನಡುವೆಯೇ ಒಬ್ಬರು "ನಳ್ಳಿಯಲ್ಲಿ ನೀರಿಲ್ಲ, ಯಾರಿಗೆ ಫೋನ್ ಮಾಡ್ಲಿ?" ಅಂತ ಕೇಳಿದ್ದರು. ಯಾರೂ ಉತ್ತರ ಕೊಡಲಿಲ್ಲ. ನಮ್ಮ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದರೆ ಎಲ್ಲ ಪಕ್ಷದವರ ನಳ್ಳಿಯೂ ಒಣಗುತ್ತದೆ, ಅಲ್ವಾ?

ರಾಜಕೀಯ ಮಾತಾಡಿ, ಖಂಡಿತ ಬೇಕು. ಆದರೆ ಇವತ್ತಿನಿಂದ ಚರ್ಚೆಯ ತುಣುಕು, ಪಕ್ಷದ ಪೋಸ್ಟರ್ ಹಾಕಬೇಡಿ. ಮಂಗಳೂರು ಪಾಲಿಕೆಗೆ ಕೇಳಬೇಕಾದ ನೀರು, ಚರಂಡಿ, ಬೀದಿದೀಪದ ಪ್ರಶ್ನೆಗಳನ್ನು ಭಾನುವಾರದೊಳಗೆ ಇಲ್ಲೇ ಬರೆಯಿರಿ. ಒಂದೇ ಅರ್ಜಿ ಮಾಡಿ ಕೊಡೋಣ. ಆ ಇಬ್ಬರನ್ನು ನಾನೇ ಮನೆಗೆ ಹೋಗಿ ಕರೆಯುತ್ತೇನೆ.