ಮುದಗಲ್ಲಿನ ಚರ್ಚಿಗೂ ಕ್ಯಾಮೆರಾ ಬರಲಿ

ಮಾನ್ಯ ಸಂಪಾದಕರೇ,

ನಾನು ಲಿಂಗಸುಗೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದವನು. ನಿವೃತ್ತಿಗೆ ಮುಂಚಿನ ಕೆಲವು ವರ್ಷ, ಹಳೆಯ ಕ್ಯಾಥೊಲಿಕ್ ಚರ್ಚುಗಳ ಕಲೆ ಕುರಿತ ಸಾಕ್ಷ್ಯಚಿತ್ರಗಳನ್ನು ಶಾಲೆಯ ಪರದೆ ಮೇಲೆ ಮಕ್ಕಳಿಗೆ ತೋರಿಸುತ್ತಿದ್ದೆ. ಮಂಗಳೂರಿಗೆ, ಗೋವಾಕ್ಕೆ ಪ್ರವಾಸ ಹೋಗುವ ಶಕ್ತಿ ನಮ್ಮ ಮಕ್ಕಳ ಮನೆಗಳಿಗೆ ಎಲ್ಲಿದೆ?

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ (ಕಾಲೇಜಿನದೇ ಚರ್ಚು) ಅಂದರೆ ಮಕ್ಕಳಿಗೆ ಭಾಳ ಇಷ್ಟ. ಇಟಲಿಯಿಂದ ಬಂದ, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಬ್ರದರ್ ಅಂತೋನಿಯೊ ಮೊಸ್ಕೆನಿ 1900ರ ಆಸುಪಾಸಿನಲ್ಲಿ ಅದರ ಗೋಡೆ, ಚಾವಣಿ ತುಂಬಾ ಚಿತ್ರ ಬರೆದರು. ಗೋಡೆ ಮೇಲಿರುವುದು ಫ್ರೆಸ್ಕೊ. ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಆ ದಿನ ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುತ್ತಾರೆ. ಚಾವಣಿಯಲ್ಲಿರುವುದು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಕೆಳಗೆ ನಿಂತು ಕತ್ತೆತ್ತಿ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಕ್ಯಾಮೆರಾ ಮೆಲ್ಲಗೆ ಹತ್ತಿರ ಹೋದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಸರ್, ಮ್ಯಾಲಿಂದು ಬಟ್ಟಿ ಐತ್ರಿ!" ಎಂದು ಕೂಗಿದಳು. ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಅದು ಅವಳಿಗೆ ಹಾಗೆ ತಿಳಿಯುತ್ತಿರಲಿಲ್ಲ.

ಗೋವಾದ ಬಾಮ್ ಜೀಸಸ್ ಬೆಸಿಲಿಕಾ 1605ರಲ್ಲಿ ಮುಗಿದದ್ದು. ಅದರ ಕೆಂಪು ಜಂಬಿಟ್ಟಿಗೆಯ ಗೋಡೆಯೇ ಮೂಲದ ರೂಪ ಎಂದು ಜಾಸ್ತಿ ಜನ ತಿಳಿದಿದ್ದಾರೆ. ಮೊದಲು ಅದಕ್ಕೆ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ತೆಗೆದುಹಾಕಿದರು. ಈಗ ಮಳೆಗೆ ಕಲ್ಲು ಸವೆಯುತ್ತಿದೆ. ಹಳೆಯ ಫೋಟೊ, ಇಂದಿನ ಗೋಡೆ ಎರಡನ್ನೂ ಒಂದರ ನಂತರ ಒಂದು ತೋರಿಸಿದರೆ ಸಾಕು, ಮಾತೇ ಬೇಡ.

ಆದರೆ ಈಗ ಬರುತ್ತಿರುವ ಎಷ್ಟೋ ಸಾಕ್ಷ್ಯಚಿತ್ರಗಳಲ್ಲಿ ಡ್ರೋನ್ ಗೋಪುರ ಸುತ್ತುತ್ತದೆ, ಜೋರಾಗಿ ಸಂಗೀತ ಬರುತ್ತದೆ, ಮುಗಿಯಿತು. ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ಹೀಗೆ ತೋರಿಸಿದ್ದು ನೋಡಿ ನನಗೆ ನಿಜಕ್ಕೂ ನೋವಾಯಿತು. ಚರ್ಚು ಕಟ್ಟಿದ್ದು ಬಾಗಿಲಿಂದ ಬಲಿಪೀಠದ (ಪೂಜೆ ನಡೆಯುವ ವೇದಿಕೆ) ತನಕ ನಡೆದು ಹೋಗುವವರಿಗಾಗಿ. ಆ ಚೂಪು ಕಮಾನುಗಳು ಕಣ್ಣನ್ನು ಮೇಲಕ್ಕೆ ಒಯ್ಯುವುದು, ಬಣ್ಣದ ಗಾಜಿನ ಬೆಳಕು ಹೊತ್ತು ಏರಿದಂತೆ ಬದಲಾಗುವುದು, ಇವೆಲ್ಲ ಆಳೆತ್ತರದಲ್ಲಿ ಕ್ಯಾಮೆರಾ ಇಟ್ಟು ಕಾದರೆ ಮಾತ್ರ ಸಿಗುತ್ತವೆ.

ಶಾಲೆಯಲ್ಲಿ ಸಾಕ್ಷ್ಯಚಿತ್ರ ಮುಗಿದಾಗಲೆಲ್ಲ ಮಕ್ಕಳಲ್ಲಿ ಯಾರಾದರೂ ಒಬ್ಬರು "ನಮ್ಮ ಕಡೆ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ಇದೆಯಲ್ಲ, ನಮ್ಮ ತಾಲ್ಲೂಕಿನ ಮುದಗಲ್ಲಿನಲ್ಲೇ ಇದೆ! ಮುದಗಲ್ ಅಂದರೆ ಜನರಿಗೆ ಕೋಟೆ ಗೊತ್ತು, ಮೊಹರಂ ಗೊತ್ತು. ಜೆಸ್ವಿಟರು 1557ಕ್ಕೂ ಮುಂಚೆ ಇಲ್ಲಿ ಚರ್ಚು ಕಟ್ಟಿದರು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅಂದರೆ ವಿಜಯನಗರ, ಬಿಜಾಪುರ ಎರಡೂ ಈ ನೆಲಕ್ಕಾಗಿ ಕಾದಾಡುತ್ತಿದ್ದ ಕಾಲ. ಗೋವಾದ ಆ ಬೆಸಿಲಿಕಾ ಇನ್ನೂ ಹುಟ್ಟಿರಲಿಲ್ಲ. ಇಷ್ಟು ಹಳೆಯ ನೆಲೆಯ ಬಗ್ಗೆ ಮಕ್ಕಳಿಗೆ ತೋರಿಸಲು ಕನ್ನಡದಲ್ಲಿ ಒಂದು ಒಳ್ಳೆಯ ಸಾಕ್ಷ್ಯಚಿತ್ರ ನನಗೆ ಸಿಗಲಿಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮತ್ತು ಬಳ್ಳಾರಿ ಧರ್ಮಕ್ಷೇತ್ರ (ಬಿಷಪ್ಪರ ಆಡಳಿತದ ಕ್ಯಾಥೊಲಿಕ್ ವಲಯ) ಕೂಡಿ ಅಂಥದ್ದೊಂದನ್ನು ಮಾಡಿಸಬೇಕು. ಮುದಗಲ್ ಒಂದೇ ಅಲ್ಲ, ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೆಯ ಚರ್ಚುಗಳೆಲ್ಲ ಸೇರಲಿ. ಯಾವ ಗೋಡೆ ಹಳೆಯದು, ಯಾವುದು ಆಮೇಲೆ ಎದ್ದದ್ದು ಎಂದು ತಿಳಿದವರು ಕ್ಯಾಮೆರಾ ಮುಂದೆ ಬಿಡಿಸಿ ಹೇಳಲಿ. ಬಲಿಪೂಜೆ ಎಂಬ ಚರ್ಚಿನ ಆರಾಧನೆಯ ಹಾಡು, ಗಂಟೆಯ ದನಿ, ಊರಿನ ಹಿರಿಯರ ನೆನಪು ಎಲ್ಲ ದಾಖಲಾಗಲಿ. ದುರಸ್ತಿ, ಹೊಸ ಬಣ್ಣ ಅಂತ ಕೆಲಸ ಶುರುವಾಗುವ ಮೊದಲೇ ಇದು ಆಗಬೇಕು. ಚಿತ್ರ ಸಿದ್ಧವಾದ ಮೇಲೆ ಮೂರೂ ಜಿಲ್ಲೆಗಳ ಶಾಲೆಗಳಿಗೆ ಪುಕ್ಕಟೆ ಕೊಡಲಿ.

ಚಿತ್ರೀಕರಣಕ್ಕೆ ಯಾರೇ ಬಂದರೂ ಮುದಗಲ್ಲಿನಲ್ಲಿ ಜೊತೆಗಿದ್ದು ಓಡಾಡಲು ನಾನು ಸಿದ್ಧನಿದ್ದೇನೆ.

— ನಿವೃತ್ತ ಚಿತ್ರಕಲಾ ಶಿಕ್ಷಕ, ಲಿಂಗಸುಗೂರು, ರಾಯಚೂರು ಜಿಲ್ಲೆ